ಹಂಪನಕಟ್ಟೆಯ ಬಾಣಂತಿ: ಮರಿಗೆ ಹಾಲು ಬಿಡಿಸುವುದು, ತಾಯಿಗೆ ಬತ್ತಿಸುವುದು

ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿಗಳ ಷಟರ್ ಏಳುವುದು ಒಂಬತ್ತು ಕಳೆದ ಮೇಲೆ. ಅಲ್ಲಿಯವರೆಗೆ ಮೆಟ್ಟಿಲು, ಜಗಲಿ, ಎಟಿಎಂ ಬಾಗಿಲಿನ ಸಂದಿಯಿಂದ ಬರುವ ಏಸಿ ತಂಪು ಎಲ್ಲವೂ ನಾಯಿಗಳ ವಶ. ನಮ್ಮ ಡಿಟಿಪಿ ಅಂಗಡಿ ಇರುವ ಹಳೇ ಕಟ್ಟಡದ ಮೆಟ್ಟಿಲಡಿಯಲ್ಲಿ, ಮೀಟರ್ ಬೋರ್ಡಿನ ಕೆಳಗೆ, ಒಂದು ವರ್ಷ ಡಿಸೆಂಬರಿನಲ್ಲಿ ಕೆಂಪಿ ಐದು ಮರಿ ಹಾಕಿತು. ಕೆಂಪಿ ಯಾರ ನಾಯಿಯೂ ಅಲ್ಲ. ಹಾಗಾಗಿ ಕೆಳಗಿನ ಚಹಾದ ಅಂಗಡಿಯವರು, ರಿಕ್ಷಾ ಪಾರ್ಕಿನವರು, ಹೂ ಮಾರುವ ಅಕ್ಕ, ಮೇಲಿನ ನಾವು, ಎಲ್ಲರೂ ಅದು ನಮ್ಮದೇ ಎಂದುಕೊಂಡಿದ್ದೆವು. ಬೀದಿನಾಯಿಗಳು ನಮ್ಮಲ್ಲಿ ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲ ಇಳಿಯುವ ಹೊತ್ತಿಗೆ. ಗರ್ಭ ಸುಮಾರು 63 ದಿನ. ಡಿಸೆಂಬರ್, ಜನವರಿ ಎಂದರೆ ಈ ಊರಿನ ಮೆಟ್ಟಿಲಡಿಗಳಿಗೆಲ್ಲ ಬಾಣಂತನದ ಕಾಲ.

ಮರಿಗಳಿಗೆ 28 ದಿನ ತುಂಬಿದ ಶನಿವಾರ ಐದಕ್ಕೂ ಜನ ಸಿಕ್ಕಿದರು. ಕಣ್ಣು ಬಿಟ್ಟಿವೆ, ಬಾಲ ಆಡಿಸುತ್ತವೆ, ಓಡುತ್ತವೆ, ಇನ್ನೆಂತ ಬೇಕು ಎಂದು ನಮಗೂ ಅನಿಸಿತು. ಎ-ಫೋರ್ ಕಾಗದ ಬರುವ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ನಾನೇ ಕೊಟ್ಟೆ. ಸಂಜೆ ಐದರೊಳಗೆ ಮೆಟ್ಟಿಲಡಿ ಖಾಲಿ.

ಸೋಮವಾರ ಬೆಳಿಗ್ಗೆ ಬಂದಾಗ ಕೆಂಪಿ ಮಲಗಿರಲಿಲ್ಲ. ಹಿಂಗಾಲು ಅಗಲಿಸಿ ನಿಂತಿತ್ತು. ಹಿಂದಿನ ಎರಡು ಜೊತೆ ಮೊಲೆ ಬಿಗಿದು ಹೊಳೆಯುತ್ತಿದ್ದವು, ಒಂದಂತೂ ನೇರಳೆ ಬಣ್ಣಕ್ಕೆ ತಿರುಗಿತ್ತು. ನೋಡಲು ಬಂದ ಪಶುವೈದ್ಯರು ಮೊದಲು ಕೇಳಿದ್ದು, "ಐದನ್ನೂ ಒಂದೇ ದಿನ ಕೊಟ್ಟದ್ದಾ?" ಅತ್ತ ಕೊಂಡೊಯ್ದವರ ಮನೆಯಲ್ಲೂ ಸುಖ ಇರಲಿಲ್ಲ. ದನದ ಹಾಲು ಕುಡಿದು ಎರಡು ಮರಿಗಳಿಗೆ ಭೇದಿ ಹಿಡಿಯಿತು. ಒಂದು ಉಳಿಯಲಿಲ್ಲ. ಕೆಂಪಿಗೆ ಹತ್ತು ದಿನ ಚಿಕಿತ್ಸೆ ನಡೆಯಿತು. ಮುಂದಿನ ಸಲ ಮೆಟ್ಟಿಲಡಿಯಲ್ಲಿ ಬೇರೊಂದು ನಾಯಿ ಮರಿ ಹಾಕಿದಾಗ ನಾವು ಕಲಿತುಕೊಂಡು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಸಾಕಿದ ನಾಯಿಗೂ ಇದೇ ಕ್ರಮ, ಸ್ವಲ್ಪ ಸುಲಭ ಅಷ್ಟೇ.

ಸೇದಿದಷ್ಟೂ ಊರುವ ಬಾವಿ

ಕೆಲವು ವರ್ಷಗಳ ಹಿಂದೆ ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆ ಅಗೆಯುವಾಗ ಹಂಪನಕಟ್ಟೆಯಲ್ಲಿ ಡಾಂಬರಿನಡಿ ಮುಚ್ಚಿಹೋಗಿದ್ದ ಹಳೇ ಬಾವಿಯೊಂದು ಸಿಕ್ಕಿದ್ದು ಊರಿನವರಿಗೆ ನೆನಪಿದೆ. ಬಾವಿ ಸೇದಿದರೂ ಸೇದದಿದ್ದರೂ ಬಾವಿಯೇ. ಮೊಲೆಯ ಒರತೆ ಹಾಗಲ್ಲ. ಅದು ಸೇದಿದರೆ ಮಾತ್ರ ಊರುತ್ತದೆ, ಸೇದುವುದು ನಿಂತರೆ ತಾನೇ ಹೂತುಕೊಳ್ಳುತ್ತದೆ.

ಮರಿ ಮೊಲೆ ಚೀಪಿದಾಗ ಆ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ಹೋಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಆಕ್ಸಿಟೋಸಿನ್ ಆಗಲೇ ತಯಾರಾಗಿರುವ ಹಾಲನ್ನು ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ಇನ್ನಷ್ಟು ಹಾಲು ತಯಾರಿಸಲು ಹೇಳುತ್ತದೆ. ಚೀಪುವುದು ನಿಂತಾಗ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಒಳಗೆ ಉಳಿದ ಹಾಲು ಗ್ರಂಥಿಯ ಗೋಡೆಯನ್ನು ಒತ್ತುತ್ತದೆ, ಹಾಲು ಮಾಡುವ ಜೀವಕೋಶಗಳಿಗೆ ಅದೇ ಕೆಲಸ ನಿಲ್ಲಿಸುವ ಸೂಚನೆ. ಕೆಲವು ದಿನ ಹಾಗೇ ಇದ್ದರೆ ಆ ಜೀವಕೋಶಗಳು ಸಾಯತೊಡಗುತ್ತವೆ, ಉಳಿದ ಹಾಲನ್ನು ಮೈ ಹೀರಿಕೊಳ್ಳುತ್ತದೆ, ಗ್ರಂಥಿ ಕುಗ್ಗುತ್ತದೆ.

ಇಷ್ಟು ಅರ್ಥವಾದರೆ ಮುಕ್ಕಾಲು ಕೆಲಸ ಆದಂತೆ. ಬಾತ ಮೊಲೆ ಕಂಡ ಕೂಡಲೇ ಪಾಪ ಎಂದು ಹಿಂಡಿ ಹಾಲು ತೆಗೆಯುವವರು ಇದ್ದಾರೆ. ಹಿಂಡಿದಾಗ ನಾಯಿಗೆ ಅರ್ಧ ಗಂಟೆ ಹಾಯೆನಿಸುತ್ತದೆ, ಮೈಗೆ ಮಾತ್ರ "ಇನ್ನೂ ಬೇಕಂತೆ" ಎಂಬ ಸುದ್ದಿ ಹೋಗುತ್ತದೆ. ಮರುದಿನ ಮತ್ತೆ ಅಷ್ಟೇ ಹಾಲು. ಬಿಸಿ ಬಟ್ಟೆಯ ಶಾಖ, ಎಣ್ಣೆ ಹಚ್ಚಿ ತಿಕ್ಕುವುದು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಬತ್ತಬೇಕಾದ ಮೊಲೆಯನ್ನು ಮುಟ್ಟದಿರುವುದೇ ಮದ್ದು.

ಹಾಗಾದರೆ ಕೆಂಪಿಗೆ ಯಾಕೆ ಹಾಗಾಯಿತು? ನಾವೇನೂ ಹಿಂಡಿರಲಿಲ್ಲವಲ್ಲ! ತಪ್ಪಿದ್ದು ದಿನದ ಲೆಕ್ಕದಲ್ಲಿ. ನಾಯಿಯ ಹಾಲು ಉಕ್ಕಿ ಬರುವುದು ಮರಿ ಹಾಕಿದ ಮೂರನೆಯ, ನಾಲ್ಕನೆಯ ವಾರದಲ್ಲಿ. ಆಗ ತಾಯಿಗೆ ಮಾಮೂಲಿನ ಎರಡು ಮೂರು ಪಟ್ಟು, ಮರಿ ಹೆಚ್ಚಿದ್ದರೆ ಇನ್ನೂ ಹೆಚ್ಚು ಊಟ ಬೇಕು. 28ನೇ ದಿನ ಎಂದರೆ ತುಂಬು ಪ್ರವಾಹದ ದಿನ. ಆ ದಿನ ಐದು ಬಾಯಿಗಳನ್ನು ಒಟ್ಟಿಗೆ ತೆಗೆದದ್ದು ಮಳೆಗಾಲದಲ್ಲಿ ತೋಡಿಗೆ ಕಟ್ಟ ಹಾಕಿದ ಹಾಗೆ.

ನೀರುದೋಸೆಯ ಹದದಿಂದ ಶುರು

ಮರಿಯ ಕಣ್ಣು ತೆರೆಯುವುದು 10ರಿಂದ 14ನೇ ದಿನಕ್ಕೆ, ಕಿವಿ ಅದರ ನಂತರ. ಮೂರನೆಯ ವಾರದಲ್ಲಿ ಹಾಲುಹಲ್ಲು ಮೂಡತೊಡಗುತ್ತದೆ. ಒಟ್ಟು 28 ಹಲ್ಲು, ಒಂದೊಂದೂ ಸೂಜಿ. ಮೊಲೆ ಬಿಡಿಸುವ ಕೆಲಸ ಮೊದಲು ಶುರು ಮಾಡುವುದು ಈ ಹಲ್ಲೇ. ಮಲಗಿ ಹಾಲು ಕೊಡುತ್ತಿದ್ದ ತಾಯಿ ನಿಂತು ಕೊಡಲು ತೊಡಗುತ್ತದೆ; ಆಮೇಲೆ ಮರಿ ಜೋತಾಡುತ್ತಿರುವಾಗಲೇ ನಡೆದುಬಿಡುತ್ತದೆ; ಕೊನೆಗೆ ಮರಿಗೆ ಹತ್ತಲಾಗದ ಕಟ್ಟೆಯ ಮೇಲೆ ಹೋಗಿ ಕೂರುತ್ತದೆ. ಗುರ್ ಎನ್ನುವುದೂ ಉಂಟು. ಇದನ್ನು ಕಂಡು "ತಾಯಿಗೆ ಮರಿ ಬೇಡವಾಗಿದೆ" ಎಂದು ಬೇಸರಪಡಬೇಕಾಗಿಲ್ಲ. ಕೆಲವು ತಾಯಿನಾಯಿಗಳು ತಾವು ತಿಂದದ್ದನ್ನು ಮರಿಗಳ ಮುಂದೆ ಕಕ್ಕುತ್ತವೆ, ಮರಿಗಳು ಅದನ್ನು ನೆಕ್ಕುತ್ತವೆ. ನೋಡುವವರಿಗೆ ಹೇಸಿಗೆ, ಆದರೆ ನಾಯಿಕುಲದ ಮೊದಲ ಅನ್ನಪ್ರಾಶನ ಇದು. ಬಿಟ್ಟುಬಿಡಿ.

ನಾವು ಕೈ ಹಾಕಬೇಕಾದದ್ದು ಮೂರೂವರೆ ವಾರದಿಂದ. ಹದವನ್ನು ಕರಾವಳಿಯ ಅಡುಗೆಮನೆಯ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಮೊದಲ ನಾಲ್ಕೈದು ದಿನ ನೀರುದೋಸೆ ಹಿಟ್ಟಿನಷ್ಟು ತೆಳು, ಮರಿ ನೆಕ್ಕಿದರೆ ಸಾಕು. ಐದನೆಯ ವಾರ ಉದ್ದಿನ ದೋಸೆ ಹಿಟ್ಟಿನ ಹದ, ಅದರ ಕೊನೆಗೆ ಇಡ್ಲಿ ಹಿಟ್ಟು. ಆರನೆಯ ವಾರಕ್ಕೆ ಕಿವುಚಿದ ಗಂಜಿ ಅನ್ನ. ಏಳು, ಎಂಟನೆಯ ವಾರಕ್ಕೆ ಬರೇ ಕಲಸಿದ ಅನ್ನ ಅಥವಾ ಒಣ ತಿಂಡಿಯನ್ನೇ ಅಗಿಯುತ್ತವೆ.

ಏನನ್ನು ಕೊಡುವುದು? ಅಂಗಡಿಯಲ್ಲಿ ಸಿಗುವ ಮರಿಗಳ ಸ್ಟಾರ್ಟರ್ ಆಹಾರವನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ ಕಿವುಚುವುದು ಎಲ್ಲಕ್ಕಿಂತ ಸುಲಭ, ಲೆಕ್ಕವೂ ತಪ್ಪುವುದಿಲ್ಲ. ದುಡ್ಡು ಹೆಚ್ಚು. ನಾವು ಅರ್ಧ ಅದು, ಅರ್ಧ ಮನೆಯದ್ದು ಎಂದು ಮಾಡಿದೆವು. ಕುಚ್ಚಲಕ್ಕಿಯನ್ನು ಕರಗುವಷ್ಟು ಬೇಯಿಸಿ, ಅನ್ನ ಒಂದು ಪಾಲಾದರೆ ಕೋಳಿ ಅಥವಾ ಮೀನು ಎರಡು ಪಾಲು. ಬೂತಾಯಿ ಈ ಕೆಲಸಕ್ಕೆ ಬಹಳ ಒಳ್ಳೆಯದು: ಕುಕ್ಕರಿನಲ್ಲಿ ಚೆನ್ನಾಗಿ ಬೆಂದರೆ ಮುಳ್ಳು ಎರಡು ಬೆರಳ ಮಧ್ಯೆ ಹುಡಿಯಾಗುತ್ತದೆ, ಮರಿಗೆ ಬೇಕಾದ ಸುಣ್ಣದಂಶ ಅದರಲ್ಲೇ ಇದೆ. ಬಂಗುಡೆಯ ನಡುಮುಳ್ಳು ಅಷ್ಟು ಮೆತ್ತಗಾಗುವುದಿಲ್ಲ, ಬಿಡಿಸಿ ತೆಗೆಯಬೇಕು. ಬೇಯಿಸಿದ ಕೋಳಿಯ ಎಲುಬು ಸೀಳಾಗಿ ಕರುಳಿಗೆ ಚುಚ್ಚುತ್ತದೆ, ಅದು ಬೇಡವೇ ಬೇಡ. ಉಪ್ಪು, ಮೆಣಸು, ಹುಳಿ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಆದ್ದರಿಂದ ಮೀನೂಟದ ಹೋಟೆಲಿನಲ್ಲಿ ಉಳಿದ ಸಾರು ಅನ್ನ ಎಷ್ಟು ಪರಿಮಳವಾಗಿದ್ದರೂ ಮರಿಗಳ ತಟ್ಟೆಗೆ ಬರಬಾರದು. ಗ್ಲೂಕೋಸ್ ಬಿಸ್ಕೆಟ್ ಈ ಊರಿನ ಬೀದಿನಾಯಿಗಳ ರಾಷ್ಟ್ರೀಯ ಆಹಾರವಾಗಿಬಿಟ್ಟಿದೆ. ಅದು ಮೈದಾ, ಸಕ್ಕರೆ. ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ.

ದನದ ಹಾಲಿನ ವಿಷಯ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೈ ಚಾಚುವುದು ಪ್ಯಾಕೆಟ್ ಹಾಲಿಗೆ. ನಾಯಿಯ ಹಾಲು ಗಟ್ಟಿ. ಅದರಲ್ಲಿ ಕೊಬ್ಬು ಸುಮಾರು ಶೇಕಡಾ 9, ಪ್ರೋಟೀನ್ ಶೇಕಡಾ 7–8; ದನದ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸು, ಪ್ರೋಟೀನ್ ಮೂರು ಚಿಲ್ಲರೆ. ಆದರೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ದನದ ಹಾಲಿನಲ್ಲೇ ಹೆಚ್ಚು. ಬೇಕಾದದ್ದು ಅರ್ಧ, ಬೇಡದ್ದು ಒಂದೂಕಾಲು ಪಾಲು ಎಂದ ಹಾಗಾಯಿತು. ಹೊಟ್ಟೆ ತುಂಬಲು ಮರಿ ಹೆಚ್ಚು ಕುಡಿಯುತ್ತದೆ, ಆ ಸಕ್ಕರೆ ಜೀರ್ಣವಾಗದೆ ಕರುಳಿಗೆ ನೀರೆಳೆಯುತ್ತದೆ, ಭೇದಿ ಶುರುವಾಗುತ್ತದೆ. ಮುಷ್ಟಿಗಾತ್ರದ ಮರಿಗೆ ಒಂದು ದಿನದ ಭೇದಿಯೂ ದೊಡ್ಡದೇ. ನೀರು ಬೆರೆಸಿ ತೆಳು ಮಾಡಿ ಕೊಟ್ಟರೆ ಪೌಷ್ಟಿಕಾಂಶ ಇನ್ನೂ ತೆಳುವಾಗುತ್ತದೆ. ಸ್ವಲ್ಪ ಮೊಸರು ಪರವಾಗಿಲ್ಲ.

ತಟ್ಟೆಗೆ ಅಂಚು ಇರಬಾರದು. ನಾವು ಬಾಳೆಲೆಯ ತುಂಡು ಹಾಕಿದೆವು, ನಾಲ್ಕು ಮೂಲೆಗೆ ಕಲ್ಲಿಟ್ಟು. ಮರಿಯ ಮೂತಿಯನ್ನು ಹಿಡಿದು ಗಂಜಿಗೆ ಅದ್ದಬಾರದು, ಮೂಗಿಗೆ ಹೋದರೆ ಶ್ವಾಸಕೋಶಕ್ಕೂ ಹೋಗಬಹುದು. ಬೆರಳಿಗೆ ಬಳಿದುಕೊಂಡು ತುಟಿಗೆ ತಾಗಿಸಿ, ಬೆರಳನ್ನು ನಿಧಾನಕ್ಕೆ ಎಲೆಯ ಕಡೆಗೆ ತಂದರೆ ಮರಿ ಹಿಂದೆಯೇ ಬರುತ್ತದೆ. ಮೊದಲ ದಿನ ಆ ಎರಡನೆಯ ನಾಯಿಯ ಐದು ಮರಿಗಳಲ್ಲಿ ಮೂರು ಗಂಜಿಯೊಳಗೆ ನಡೆದಾಡಿದವು, ಒಂದು ಅದರಲ್ಲೇ ಮಲಗಿತು, ತಿಂದದ್ದು ಒಂದೇ. ಆಮೇಲೆ ತಾಯಿ ಬಂದು ಎಲ್ಲವನ್ನೂ ನೆಕ್ಕಿ ಚೊಕ್ಕ ಮಾಡಿತು, ಎಲೆಯನ್ನೂ ಮರಿಗಳನ್ನೂ. ದಿನಕ್ಕೆ ನಾಲ್ಕೈದು ಸಲ, ಹದಿನೈದು ನಿಮಿಷ ಇಟ್ಟು ತೆಗೆಯುವುದು. ನಮ್ಮ ಸೆಕೆಗೆ ಕಲಸಿದ್ದು ಬೇಗ ಹಳಸುತ್ತದೆ, ಇರುವೆ ಬೇರೆ. ನಾಲ್ಕನೆಯ ವಾರದಿಂದ ತಗ್ಗು ಬಟ್ಟಲಿನಲ್ಲಿ ನೀರು ಯಾವಾಗಲೂ ಇರಬೇಕು.

ಸರಿಹೋಗುತ್ತಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮರಿ ಹುಟ್ಟಿದ ತೂಕ ಎಂಟು ಹತ್ತು ದಿನದಲ್ಲಿ ಎರಡರಷ್ಟಾಗಬೇಕು, ಆಮೇಲೂ ದಿನದಿನಕ್ಕೆ ಏರುತ್ತಿರಬೇಕು. ಒಂದು ದಿನ ನಿಂತರೆ ಗಮನಿಸಿ, ಎರಡನೆಯ ದಿನವೂ ಏರದಿದ್ದರೆ ಆ ಮರಿಗೆ ಮೊಲೆ ಬಿಡಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಹತ್ತು ಜನರ ಕನಿಕರ

ಮರಿಗಳ ಊಟ ಏರುತ್ತಿದ್ದಂತೆ ತಾಯಿಯ ಹಾಲು ಇಳಿಯಬೇಕು. ಐದನೆಯ ವಾರದಿಂದ ತಾಯಿಯನ್ನು ಹಗಲು ಎರಡು ಮೂರು ತಾಸು ದೂರ ಇಡುವುದು, ಮರಿಗಳಿಗೆ ಉಣಿಸಿದ ಮೇಲೆ ಒಳಗೆ ಬಿಡುವುದು. ಹೊಟ್ಟೆ ತುಂಬಿದ ಮರಿ ಸ್ವಲ್ಪವೇ ಚೀಪುತ್ತದೆ. ಆರನೆಯ ವಾರ ಹಗಲಿಡೀ ದೂರ, ರಾತ್ರಿ ಮಾತ್ರ ಒಟ್ಟಿಗೆ. ಏಳನೆಯ ವಾರ ರಾತ್ರಿಯೂ ಬೇರೆ. ಬೀದಿಯ ತಾಯಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ತಾನೇ ಟೌನ್‌ಹಾಲ್ ಕಡೆಗೆ ಒಂದು ಸುತ್ತು ಹೋಗಿ ಬರುತ್ತದೆ. ಮರಿಗಳಿಗೆ ದಾಟಲಾಗದ ಒಂದು ಹಲಗೆ ಅಡ್ಡ ಇಟ್ಟರೆ ಉಳಿದದ್ದನ್ನು ತಾಯಿಯೇ ನೋಡಿಕೊಳ್ಳುತ್ತದೆ.

ಹಾಲು ಇಳಿಯಲು ಊಟವೂ ಇಳಿಯಬೇಕು. ಆರನೆಯ ವಾರದಿಂದ ತಾಯಿಯ ಹೆಚ್ಚುವರಿ ಊಟ ಕಡಿಮೆ ಮಾಡುತ್ತಾ ಬರಬೇಕು. ಪೂರ್ತಿ ಬಿಡಿಸುವ ದಿನ ಊಟವೇ ಇಲ್ಲ, ಮರುದಿನ ಮಾಮೂಲಿನ ಕಾಲು ಪಾಲು, ಮೂರನೆಯ ದಿನ ಅರ್ಧ, ನಾಲ್ಕನೆಯ ದಿನ ಮುಕ್ಕಾಲು, ಐದನೆಯ ದಿನ ಗರ್ಭ ಕಟ್ಟುವ ಮೊದಲು ತಿನ್ನುತ್ತಿದ್ದಷ್ಟು. ಪಶುವೈದ್ಯರು ಬಹುಕಾಲದಿಂದ ಹೇಳುವ ಲೆಕ್ಕ ಇದು. ಆದರೆ ನೀರು ನಿಲ್ಲಿಸಬಾರದು. ನೀರನ್ನೂ ಕಟ್ಟಬೇಕೆನ್ನುವವರಿದ್ದಾರೆ, ಮಂಗಳೂರಿನ ಸೆಕೆಯಲ್ಲಿ ಅದು ಅಪಾಯ. ಪಕ್ಕೆಲುಬು ಎಣಿಸುವಷ್ಟು ಸೊರಗಿದ ತಾಯಿಗೆ ಉಪವಾಸವೂ ಬೇಡ. ಅದಕ್ಕೆ ಚೀಪುವುದನ್ನು ಇನ್ನೂ ನಿಧಾನವಾಗಿ ಕಡಿಮೆ ಮಾಡಿದರೆ ಸಾಕು.

ಮನೆಯ ನಾಯಿಗೆ ಇದು ಸುಲಭ, ಬಟ್ಟಲು ಒಂದೇ. ಹಂಪನಕಟ್ಟೆಯ ನಾಯಿಗೆ ಹತ್ತು ಬಟ್ಟಲು. ನಮ್ಮ ಎರಡನೆಯ ಬಾಣಂತಿಯ ಊಟ ಕಡಿಮೆ ಮಾಡಿ ಮೂರು ದಿನವಾದರೂ ಹಾಲು ಇಳಿಯಲೇ ಇಲ್ಲ. ವಿಚಾರಿಸಿದರೆ, ಮರಿಗಳಿಂದ ದೂರವಾಗಿದೆ ಪಾಪ ಎಂದು ಚಹಾದ ಅಂಗಡಿಯವರು ಬೆಳಿಗ್ಗೆ ಬನ್ಸ್ ಹಾಕುತ್ತಿದ್ದರು, ಕೋಳಿ ಅಂಗಡಿಯವರು ಮಧ್ಯಾಹ್ನ ಕೋಳಿ ಕಾಲು, ರಾತ್ರಿ ರಿಕ್ಷಾದವರೊಬ್ಬರು ಬಿರಿಯಾನಿ. ಪ್ರತಿಯೊಬ್ಬರಿಗೂ ತಾವೊಬ್ಬರೇ ಹಾಕುವವರೆಂಬ ನಂಬಿಕೆ! ಬಾಣಂತಿಯಾಗಿ ಹಾಲು ಕೊಡುತ್ತಿದ್ದಾಗ ಅದಕ್ಕೆ ಇಷ್ಟು ಸಿಕ್ಕಿರಲಿಲ್ಲ. ಕನಿಕರ ಬೇಕಾದಾಗ ಬಾರದೆ ಬೇಡವಾದಾಗ ಉಕ್ಕುವ ಈ ಕ್ರಮ ಮನುಷ್ಯರ ಬಾಣಂತನದಲ್ಲೂ ನೋಡಿದ್ದೇನೆ, ಅದು ಬೇರೆ ಮಾತು. ಕೊನೆಗೆ ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ "ಐದು ದಿನ ಈ ನಾಯಿಗೆ ಊಟ ಹಾಕಬೇಡಿ, ಹಾಲು ಬತ್ತಿಸುತ್ತಿದ್ದೇವೆ, ನೀರು ಮಾತ್ರ" ಎಂದು ಪ್ರಿಂಟ್ ತೆಗೆದು ಮೆಟ್ಟಿಲಿನ ಕಂಬಕ್ಕೆ ಅಂಟಿಸಿದೆ. ಊಟದ ಲೆಕ್ಕ ನಾನು ಇಟ್ಟುಕೊಂಡೆ. ಡಿಟಿಪಿ ಅಂಗಡಿಯವನಿಂದ ನಾಯಿಗೆ ಆದ ಉಪಕಾರ ಅಷ್ಟೇ.

ಮಲ್ಲಿಗೆಯ ಸಂಗತಿ

ಹೂ ಮಾರುವ ಅಕ್ಕ ಕಾಗದ ಓದಿ ನಕ್ಕರು. "ಇದಕ್ಕೆಲ್ಲ ಉಪವಾಸ ಎಂತಕ್ಕೆ ಮಾರಾಯ್ರೆ, ಒಂದು ಚೆಂಡು ಮಲ್ಲಿಗೆ ಕಟ್ಟಿ. ನನ್ನ ಅಮ್ಮ ಹಾಗೇ ಮಾಡಿದ್ದು."

ಅವರು ಸುಳ್ಳು ಹೇಳಲಿಲ್ಲ. ಮಗು ತೀರಿಹೋದಾಗ, ಹಾಲು ಬಿಡಿಸುವಾಗ ಎದೆಗೆ ಮಲ್ಲಿಗೆ ದಂಡೆ ಕಟ್ಟಿಕೊಳ್ಳುವುದು ದಕ್ಷಿಣ ಭಾರತದ ಹಳೇ ಮನೆಮದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಪರೀಕ್ಷೆ ಮಾಡಿ 1988ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ತಾಯಂದಿರಿಗೆ ಮಲ್ಲಿಗೆ, ಇನ್ನೊಂದಕ್ಕೆ ಬ್ರೊಮೊಕ್ರಿಪ್ಟಿನ್ ಮಾತ್ರೆ. ರಕ್ತದ ಪ್ರೊಲ್ಯಾಕ್ಟಿನ್ ಎರಡರಲ್ಲೂ ಇಳಿಯಿತು, ಮಾತ್ರೆಯಲ್ಲಿ ಹೆಚ್ಚು. ಆದರೆ ಎದೆ ಬಿಗಿಯುವುದು, ಹಾಲು ಬರುವುದು, ನೋವಿನ ಮಾತ್ರೆಯ ಅಗತ್ಯ ಇವುಗಳಲ್ಲಿ ಎರಡೂ ಸಮವಾಗಿದ್ದವು. ಆ ಹೂವಿನ ಸಸ್ಯಶಾಸ್ತ್ರದ ಹೆಸರು ಜಾಸ್ಮಿನಮ್ ಸಂಬಕ್. ನಮ್ಮ ಶಂಕರಪುರದ ಮಲ್ಲಿಗೆಯೂ ಅದೇ ಜಾತಿ.

ಪರೀಕ್ಷೆ ನಡೆದದ್ದು ಮನುಷ್ಯರ ಮೇಲೆ. ನಾಯಿಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ಮೊಲೆ, ಹೊಟ್ಟೆಯುದ್ದಕ್ಕೂ ಎರಡು ಸಾಲು. ಅಕ್ಕನ ಮಾತಿಗೆ ಬೆಲೆ ಕೊಟ್ಟು ಹಳೇ ಬನಿಯನಿನೊಳಗೆ ಒಂದು ಚೆಂಡು ಇಟ್ಟು ಕಟ್ಟಿಯೂ ನೋಡಿದೆವು. ಹತ್ತು ನಿಮಿಷದಲ್ಲಿ ನಾಯಿ ಬನಿಯನ್ ಹರಿದು, ಹೂ ಮೂಸಿ, ಸೀನಿ, ಹೂ ಕಟ್ಟಿದ ಬಾಳೆನಾರನ್ನು ಜಗಿಯತೊಡಗಿತು. ನಾರು ಹೊಟ್ಟೆಗೆ ಹೋದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮಲ್ಲಿಗೆ ಮುಡಿಗೇ ಇರಲಿ. ಮೊಲೆಗೆ ಬೇವು ಅರೆದು ಹಚ್ಚುವುದು, ಖಾರ ಹಚ್ಚುವುದು ಕೂಡ ಬೇಡ. ತಾಯಿ ನೆಕ್ಕುತ್ತದೆ, ಮರಿ ಚೀಪುತ್ತದೆ. ನೋವಿಗೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಒತ್ತದೆ ಇಡಬಹುದು, ಅದೂ ನಿಮ್ಮನ್ನು ನಂಬುವ ನಾಯಿಗೆ ಮಾತ್ರ.

ಇನ್ನು ಮಾತ್ರೆ. ಪ್ರೊಲ್ಯಾಕ್ಟಿನ್ ತಡೆಯುವ ಕ್ಯಾಬರ್ಗೊಲಿನ್ ಎಂಬ ಔಷಧಿ ಉಂಟು, ಪಶುವೈದ್ಯರು ಅಗತ್ಯವಿದ್ದಾಗ ಕೊಡುತ್ತಾರೆ. ಹಂಪನಕಟ್ಟೆಯ ಸುತ್ತ ಔಷಧಿ ಅಂಗಡಿಗೆ ಬರವಿಲ್ಲ, ಆದ್ದರಿಂದಲೇ ಹೇಳುತ್ತಿದ್ದೇನೆ, ಕೌಂಟರಿನಲ್ಲಿ "ಹಾಲು ಬತ್ತುವ ಮಾತ್ರೆ" ಕೇಳಬೇಡಿ. ಅದು ಗರ್ಭಿಣಿ ನಾಯಿಯ ಗರ್ಭವನ್ನೇ ಇಳಿಸಬಲ್ಲದು. ನೋವಿಗೆಂದು ಮನೆಯ ಐಬುಪ್ರೊಫೆನ್ ಹಾಕಬೇಡಿ, ನಾಯಿಗೆ ಅದು ವಿಷ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಪ್ರೊಲ್ಯಾಕ್ಟಿನನ್ನು ಏರಿಸುತ್ತದೆ, ಹಾಲು ಬತ್ತಬೇಕಾದ ನಾಯಿಗೆ ಅದು ತದ್ವಿರುದ್ಧ ಕೆಲಸ.

ಬತ್ತುವುದು ಹೇಗೆ ಕಾಣುತ್ತದೆ? ಮೊದಲ ಎರಡು ಮೂರು ದಿನ ಬಿಗಿತ ಏರುತ್ತದೆ. ಇದೇ ಹೆದರಿಸುವ ಕಾಲ, ಕೈ ತುರಿಸುವ ಕಾಲ. ಹಾಲು ತೊಟ್ಟಿಕ್ಕಿದರೂ ಸುಮ್ಮನಿರಿ. ನಾಲ್ಕನೆಯ ದಿನದಿಂದ ಮೆತ್ತಗಾಗುತ್ತಾ ವಾರ ಹತ್ತು ದಿನದಲ್ಲಿ ಜೋಲುತ್ತದೆ, ಎರಡು ಮೂರು ವಾರದಲ್ಲಿ ಕುಗ್ಗುತ್ತದೆ. ಮೊದಲಿನಷ್ಟು ಚಪ್ಪಟೆ ಆಗದೆಯೂ ಇರಬಹುದು.

ಎಲ್ಲ ಮೊಲೆಗಳೂ ಒಂದೇ ರೀತಿ ಬಿಗಿದಿದ್ದರೆ ಅದು ಹಾಲು ಕಟ್ಟಿದ್ದು. ಒಂದೆರಡು ಮಾತ್ರ ಕೆಂಪಾಗಿ, ಬಿಸಿಯಾಗಿ, ಕಲ್ಲಾಗಿ, ಮುಟ್ಟಿದರೆ ಕಚ್ಚಲು ಬಂದರೆ ಅದು ಕೆಚ್ಚಲು ಬಾವು. ಹಾಲು ಹೆಚ್ಚಿರುವ ಹಿಂದಿನ ಮೊಲೆಗಳಲ್ಲೇ ಅದು ಹೆಚ್ಚಾಗಿ ಬರುತ್ತದೆ. ಹಾಲಿನ ಬದಲು ಹಳದಿ, ಕಂದು, ರಕ್ತ ಬೆರೆತ ದ್ರವ, ಊಟ ಬಿಡುವುದು, ಮೈ ಬಿಸಿ. ನಾಯಿಯ ಮಾಮೂಲು ಉಷ್ಣತೆಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅದು ನಮಗಿಂತ ಬೆಚ್ಚಗೆ, 39.5 ದಾಟಿದರೆ ಜ್ವರ. ನೇರಳೆ ಅಥವಾ ಕಪ್ಪು ಬಣ್ಣ ಕಂಡರೆ ಒಳಗೆ ಮಾಂಸ ಸಾಯುತ್ತಿದೆ ಎಂದರ್ಥ, ಅದೇ ದಿನ ಡಾಕ್ಟರು ನೋಡಬೇಕು. ಇಲ್ಲಿ ಮಾತ್ರ ಮುಟ್ಟಬಾರದೆಂಬ ನಿಯಮ ಮುರಿಯುತ್ತದೆ. ಕೀವು ತುಂಬಿದ ಮೊಲೆಯನ್ನು ಹಿಂಡಬೇಕಾಗಬಹುದು, ಅದನ್ನು ತೀರ್ಮಾನಿಸುವವರು ಡಾಕ್ಟರು.

ಇದಕ್ಕಿಂತಲೂ ಅವಸರದ್ದು ಇನ್ನೊಂದು. ಹಾಲು ಉಕ್ಕುವ ಎರಡರಿಂದ ನಾಲ್ಕನೆಯ ವಾರದಲ್ಲಿ, ಮುಖ್ಯವಾಗಿ ಪೊಮೆರೇನಿಯನ್‌ನಂಥ ಸಣ್ಣ ಜಾತಿಗಳಲ್ಲಿ, ತಾಯಿಯ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಏದುಸಿರು, ನಡುಕ, ಮರಗಾಲಿನ ನಡಿಗೆ, ಆಮೇಲೆ ಸೆಳೆತ. ಮರಿಗಳನ್ನು ಆ ಕ್ಷಣ ದೂರ ಮಾಡಿ ತಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕು. ನಾಳೆ ನೋಡುವ ಎಂದರೆ ನಾಳೆ ಇರುವುದಿಲ್ಲ.

ಮರಿಯಿಲ್ಲದೆಯೂ ಹಾಲು ಬರುವುದುಂಟು. ಬೆದೆಯಾಗಿ ಆರೆಂಟು ವಾರಕ್ಕೆ ಕೆಲವು ಹೆಣ್ಣುನಾಯಿಗಳು ಗರ್ಭವಿಲ್ಲದಿದ್ದರೂ ಮೊಲೆ ಬಾತು, ಚಪ್ಪಲಿಯನ್ನೋ ಗೊಂಬೆಯನ್ನೋ ಮರಿಯಂತೆ ಕಾಯುತ್ತವೆ. ಇದಕ್ಕೂ ಅದೇ ಮದ್ದು: ಮುಟ್ಟದಿರುವುದು, ತಾನೇ ನೆಕ್ಕಿ ಹಾಲು ಇಳಿಸಿಕೊಳ್ಳದಂತೆ ನೋಡಿಕೊಳ್ಳುವುದು, ಆ ಚಪ್ಪಲಿಯನ್ನು ಅಡಗಿಸುವುದು.

ಹುಳ, ಲಸಿಕೆ, ಎಂಟು ವಾರ

ಹಾಲಿನ ಮೂಲಕ ಮರಿಗೆ ಹೋಗುವುದು ಪೋಷಣೆ ಮಾತ್ರ ಅಲ್ಲ, ಹುಳವೂ ಹೋಗುತ್ತದೆ. ದುಂಡುಹುಳದ ಮರಿಗಳು ಗರ್ಭದಲ್ಲೇ ದಾಟುತ್ತವೆ, ಕೊಕ್ಕೆಹುಳ ಹಾಲಿನಲ್ಲಿ ಬರುತ್ತದೆ. ನಮ್ಮ ತೇವದ ಮಣ್ಣು ಕೊಕ್ಕೆಹುಳಕ್ಕೆ ಸ್ವರ್ಗ. ಮರಿಯ ಒಸಡು ಬಿಳಚಿಕೊಂಡಿದ್ದರೆ ಮೊದಲು ಅದನ್ನೇ ಸಂಶಯಿಸಬೇಕು, ಕರಿ ಡಾಂಬರಿನಂಥ ಮಲ ಕಂಡರೆ ಇನ್ನೂ ಹೆಚ್ಚು. 2, 4, 6, 8ನೇ ವಾರಗಳಲ್ಲಿ ಮರಿಗಳಿಗೆ ತೂಕಕ್ಕೆ ತಕ್ಕ ಜಂತುಹುಳದ ಔಷಧಿ, ಜೊತೆಗೆ ತಾಯಿಗೂ. ತಾಯಿಯನ್ನು ಬಿಟ್ಟರೆ ಹುಳ ಸುತ್ತಿಕೊಂಡು ಮತ್ತೆ ಮರಿಗೇ ಬರುತ್ತದೆ.

ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಿಂದ ಬಂದ ರಕ್ಷಣೆ ವಾರಗಳು ಕಳೆದಂತೆ ಕರಗುತ್ತದೆ. ಒಂದು ಹಂತದಲ್ಲಿ ಅದು ರೋಗ ತಡೆಯಲು ಸಾಲದು, ಆದರೆ ಲಸಿಕೆಯ ಕೆಲಸ ಕೆಡಿಸಲು ಸಾಕಾಗುವಷ್ಟು ಉಳಿದಿರುತ್ತದೆ. ಅದಕ್ಕಾಗಿಯೇ ಪಾರ್ವೊ, ಡಿಸ್ಟೆಂಪರ್ ಲಸಿಕೆಯನ್ನು 6–8ನೇ ವಾರದಿಂದ ಹಿಡಿದು 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುವುದು, ಒಂದೇ ಚುಚ್ಚಿಗೆ ಮುಗಿಸದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮೆಟ್ಟಿಲಡಿಯಲ್ಲಿ ಹಿಂದೆ ಮರಿ ಸತ್ತಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಿರಿ, ಪಾರ್ವೊ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಬದುಕುತ್ತದೆ. ಮತ್ತೆ, ಮರಿ ಆಟಕ್ಕೆ ಕಚ್ಚಿ ರಕ್ತ ಬಂದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ವೆನ್ಲಾಕ್ ಆಸ್ಪತ್ರೆ ಇಲ್ಲೇ ಇದೆ, ನಡೆದು ಹೋಗುವ ದೂರ.

ಎಂಟು ವಾರ ಯಾಕೆ ಎಂದು ಕೇಳುವವರಿಗೆ: ಕಚ್ಚುವುದು ಎಷ್ಟು, ಬಿಡುವುದು ಯಾವಾಗ ಎಂದು ಮರಿ ಕಲಿಯುವುದು ಐದರಿಂದ ಎಂಟನೆಯ ವಾರದಲ್ಲಿ, ಒಡಹುಟ್ಟಿದವುಗಳ ಜೊತೆ ಕಾದಾಡಿ, ತಾಯಿಯಿಂದ ಬೈಸಿಕೊಂಡು. ನಾಲ್ಕನೆಯ ವಾರಕ್ಕೇ ಒಯ್ದ ಮರಿ ದೊಡ್ಡದಾದ ಮೇಲೆ ಮನೆಯ ಮಕ್ಕಳ ಕೈಯನ್ನು ಬಿಡದೆ ಹಿಡಿಯುತ್ತದೆ ಎಂದು ದೂರುವವರು, ಆ ಪಾಠ ತಪ್ಪಿಸಿದವರು ತಾವೇ ಎಂಬುದನ್ನು ಮರೆತಿರುತ್ತಾರೆ. ನಾಯಿ ಸಾಕಿ ಮಾರುವವರ ಕುರಿತ ಕೇಂದ್ರದ 2017ರ ನಿಯಮಗಳೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುತ್ತವೆ. ಬೀದಿಯ ಮರಿಗೆ ಮಾರಾಟವಿಲ್ಲ, ಹೊಟ್ಟೆ ಮಾತ್ರ ಅದೇ.

ಹಾಲು ಪೂರ್ತಿ ಬತ್ತಿ ಕೆಲವು ವಾರವಾದ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗ್ರಂಥಿ ಕುಗ್ಗಿರುತ್ತದೆ, ಮುಂದಿನ ಬೆದೆ ಇನ್ನೂ ದೂರ ಇರುತ್ತದೆ, ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮರಿಗಳಿಗೆ ಮಾಡಿಸಲು ಆರು ತಿಂಗಳು ತುಂಬಿರಬೇಕು, 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳಲ್ಲೂ ಅಷ್ಟೇ ಇದೆ. ಊರಿನಲ್ಲಿ ಈ ಕೆಲಸ ಮಾಡುವವರಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಒಂದು. ಕೆಂಪಿಯ ಕಿವಿಯ ಅಂಚಿನಲ್ಲಿ ಈಗ ಶಸ್ತ್ರಚಿಕಿತ್ಸೆಯಾದದ್ದಕ್ಕೆ ಸಣ್ಣದೊಂದು ಕತ್ತರಿ ಗುರುತಿದೆ, ಅದರ ಮೆಟ್ಟಿಲಡಿಯಲ್ಲಿ ಆಮೇಲೆ ಬಾಣಂತನ ಮಾಡಿದ್ದು ಬೇರೆಯದೇ.

ಈ ಸಲವೂ ಅಲ್ಲಿ ನಾಲ್ಕು ಮರಿ ಇವೆ, ಇವತ್ತಿಗೆ 33 ದಿನ. ಬೇಕಿದ್ದವರು ಈಗಲೇ ಹೇಳಿಟ್ಟುಕೊಳ್ಳಿ, ಒಯ್ಯುವುದು ಎಂಟು ವಾರ ತುಂಬಿದ ಮೇಲೆ, ಮೂರು ಮೂರು ದಿನ ಬಿಟ್ಟು ಒಬ್ಬೊಬ್ಬರೇ. ರಟ್ಟಿನ ಪೆಟ್ಟಿಗೆ ನಾನೇ ಕೊಡುತ್ತೇನೆ, ಗಾಳಿಗೆ ತೂತು ಮಾಡಿ.